ಸಾಕ್ಷಿಯೋ, ಪ್ರಚಾರವೋ? – ಸಂಗೀತ ಕಛೇರಿಯ ಸಾಕ್ಷ್ಯಚಿತ್ರಗಳನ್ನು ಕುರಿತು

'ಸಾಕ್ಷ್ಯಚಿತ್ರ' ಎಂಬ ಕನ್ನಡದ ಮಾತು ಬಹು ಅರ್ಥಗರ್ಭಿತವಾದುದು. ಸಾಕ್ಷ್ಯವೆಂದರೆ ಕಂಡದ್ದನ್ನು ಕಂಡಂತೆ ನುಡಿಯುವುದು. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದವನ ಮಾತಿಗೆ ಯಾವ ಹೊಣೆಯುಂಟೋ ಅದೇ ಹೊಣೆಯನ್ನು ಈ ಹೆಸರು ಧರಿಸಿದ ಚಿತ್ರವೂ ಹೊರಬೇಕಾಗುತ್ತದೆ. ಕಥಾಚಿತ್ರವನ್ನು ಅದು ಕಲ್ಪಿತವೆಂದು ತಿಳಿದೇ ನೋಡುತ್ತೇವೆ. ಜಾಹೀರಾತನ್ನು ಅದು ಮಾರಾಟದ ಮಾತೆಂದು ತಿಳಿದೇ ಕೇಳುತ್ತೇವೆ. ಸಾಕ್ಷ್ಯಚಿತ್ರವನ್ನಾದರೋ ನಂಬಿ ನೋಡುತ್ತೇವೆ. ನಂಬಿಕೆ ಇರುವಲ್ಲಿಯೇ ವಂಚನೆಗೂ ಎಡೆಯುಂಟು. ಆದ್ದರಿಂದ ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ, ಸತ್ಯಾಣುವ್ರತದ ಪ್ರಶ್ನೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹಿಂದೆ ಹಾಡುಗಾರಿಕೆ ಬರುತ್ತಿದ್ದುದು ರೇಡಿಯೋದಿಂದ, ಗಣೇಶೋತ್ಸವದ ಆರ್ಕೆಸ್ಟ್ರಾದಿಂದ, ನಾಯಕನಹಟ್ಟಿಯಂತಹ ಜಾತ್ರೆಗಳಿಂದ. ಹಾಡಿದವರು ಮರುದಿನ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಅವರ ಅಂತರಂಗವೇನೆಂದು ಯಾರೂ ಕೇಳುತ್ತಿರಲಿಲ್ಲ. ಇಂದು ಅಂಗಡಿಯಲ್ಲಿ ಕುಳಿತ ಹುಡುಗನ ಮೊಬೈಲಿನಲ್ಲಿಯೂ ಅಮೆರಿಕ, ಇಂಗ್ಲೆಂಡ್, ಕೊರಿಯಾಗಳ ಪಾಪ್ ತಂಡಗಳ ಕಛೇರಿಗಳು ಮಾತ್ರವಲ್ಲ, ಆ ಕಛೇರಿಗಳ ತೆರೆಯ ಹಿಂದಿನ ಕಥೆಯನ್ನು ಹೇಳುತ್ತೇವೆನ್ನುವ ಚಿತ್ರಗಳೂ ಇವೆ. ಗಾಯಕನ ಕಣ್ಣೀರು, ದಣಿವು, ತಾಯಿಯೊಡನೆ ಆಡಿದ ಮಾತು ಎಲ್ಲವೂ ಅಲ್ಲಿರುತ್ತವೆ. ತಾನು ಆ ಗಾಯಕನನ್ನು ಒಳಗಿನಿಂದ ಬಲ್ಲೆನೆಂದು ಮೊಮ್ಮಗ ಹೇಳುತ್ತಾನೆ. ಇದೆಲ್ಲ ಟಿಕೆಟ್ಟು ಮಾರುವ ಉಪಾಯವೆಂದು ಅಜ್ಜ ತಳ್ಳಿಹಾಕುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳುಂಟು, ಇಬ್ಬರದೂ ಅಪೂರ್ಣ.

ಮೊದಲು ಅಜ್ಜನ ಪಕ್ಷವನ್ನು ವಿಚಾರಿಸೋಣ. ದೊಡ್ಡ ಪಾಪ್ ತಂಡವೊಂದು ವ್ಯಾಪಾರ ಸಂಸ್ಥೆಯೇ ಹೌದು. ಧ್ವನಿಮುದ್ರಿಕೆ, ಟಿಕೆಟ್ಟು, ಅಂಗಿ ಟೊಪ್ಪಿಗೆಗಳ ಮಾರಾಟ ಇವೆಲ್ಲ ಅದರ ಆದಾಯದ ಬಾಬುಗಳು. ಅದರ ಕಛೇರಿಯನ್ನು ಚಿತ್ರೀಕರಿಸಬೇಕಾದರೆ ವೇದಿಕೆಗೂ ಅಲಂಕಾರದ ಕೋಣೆಗೂ ಪ್ರವೇಶ ಬೇಕು. ಹಾಡುಗಳನ್ನು ಚಿತ್ರದಲ್ಲಿ ಬಳಸಲು ಹಕ್ಕುದಾರರ ಒಪ್ಪಿಗೆ ಬೇಕು. ಈ ಎರಡನ್ನೂ ಕೊಡುವವರು ತಂಡದವರೇ, ಇಲ್ಲವೆ ಅವರ ಕಂಪನಿಯವರೇ. ಒಪ್ಪಿಗೆ ಕೊಟ್ಟವನು ಸಂಕಲನದಲ್ಲಿ ತನ್ನ ಮಾತೂ ನಡೆಯಬೇಕೆಂದು ಬಯಸುವುದು ಸಹಜ. ಹೀಗೆ ಯಾರನ್ನು ಕುರಿತು ಸಾಕ್ಷಿ ನುಡಿಯಬೇಕೋ ಅವರ ಅನುಗ್ರಹದಲ್ಲಿಯೇ ಸಾಕ್ಷಿ ನಿಲ್ಲುವಂತಾಗುತ್ತದೆ.

ಚಿತ್ರೀಕರಣದ ವಿಧಾನವೂ ಗಮನಾರ್ಹವಾದುದು. 'ಲೆಡ್ ಜೆಪೆಲಿನ್' ಎಂಬ ಇಂಗ್ಲಿಷ್ ತಂಡದ ಕಛೇರಿಯ ಚಿತ್ರವೊಂದು 1976ರಲ್ಲಿ ತೆರೆಕಂಡಿತು. 1973ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೂರು ರಾತ್ರಿಗಳ ಕಛೇರಿಯನ್ನು ಅದರಲ್ಲಿ ಒಂದಾಗಿ ಹೆಣೆಯಲಾಗಿತ್ತು. ನಡುನಡುವೆ ದೃಶ್ಯಗಳು ಸಾಲದೆ ಹೋದವು. ಆಗ ಇಂಗ್ಲೆಂಡಿನ ಸ್ಟುಡಿಯೋ ಒಂದರಲ್ಲಿ ವೇದಿಕೆಯನ್ನು ಹಾಕಿ ತಂಡದವರು ಮತ್ತೆ ನುಡಿಸಿದಂತೆ ಅಭಿನಯಿಸಿದರು. ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದ ವಾದಕರೊಬ್ಬರು ಹಳೆಯ ರೂಪಕ್ಕೆ ಹೊಂದುವಂತೆ ವಿಗ್ ಧರಿಸಬೇಕಾಯಿತು. ನೋಡುವವನಿಗೆ ಅದೆಲ್ಲ ನ್ಯೂಯಾರ್ಕಿನ ಒಂದೇ ರಾತ್ರಿ!

ಇದನ್ನು ಪಾಪವೆನ್ನಬಹುದೆ? ಇಲ್ಲಿ ನಮ್ಮ ಶ್ರಾವಕಾಚಾರವು ವ್ಯಾಪಾರಿಗಳಿಗಾಗಿಯೇ ಹೇಳಿದ ಒಂದು ಮಾತು ದಾರಿ ತೋರುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ 'ಪ್ರತಿರೂಪಕ ವ್ಯವಹಾರ'ವೆಂದು ಕರೆದರೆ, ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸದೃಶವಾದುದನ್ನು ಬೆರೆಸಿ ಮಾರುವುದೆಂದು ಹೇಳುತ್ತಾರೆ. ಒಂದರಂತೆಯೇ ಕಾಣುವ ಮತ್ತೊಂದನ್ನು ಸೇರಿಸಿ, ಮೊದಲನೆಯದರ ಹೆಸರಿನಲ್ಲಿ, ಮೊದಲನೆಯದರ ಬೆಲೆಗೆ ಕೊಡುವುದು. ಆಚಾರ್ಯರು ಇದನ್ನು ಸುಳ್ಳಿನ ಪಟ್ಟಿಯಲ್ಲಿಡದೆ ಕಳವಿನ ಪಟ್ಟಿಯಲ್ಲಿಟ್ಟಿರುವುದು ಮನನಯೋಗ್ಯ. ಬೆರಕೆಯನ್ನು ಮುಚ್ಚಿ ಮಾರಿದವನು ಬರಿಯ ಮಾತು ತಪ್ಪಿದವನಲ್ಲ, ಕೊಂಡವನ ವಿಶ್ವಾಸವನ್ನು ಕದ್ದವನು.

ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೇಂಗಾ ಎಣ್ಣೆಯೊಡನೆ ಅಗ್ಗದ ತಾಳೆ ಎಣ್ಣೆ ಬೆರೆತರೆ ಕಣ್ಣಿಗೆ ತಿಳಿಯುವುದು ಕಷ್ಟ. ಎರಡು ಖಾದ್ಯತೈಲಗಳನ್ನು ಬೆರೆಸಿ ಮಾರುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಮುಚ್ಚಿದ ಡಬ್ಬಿಯ ಮೇಲೆ ಯಾವುದು ಎಷ್ಟು ಪಾಲೆಂದು ಅಚ್ಚಾಗಿರಬೇಕು. ಮೊಳಕಾಲ್ಮೂರಿನ ಸೀರೆಯದೂ ಇದೇ ನ್ಯಾಯ. ಕೃತಕ ರೇಷ್ಮೆಯ ಸೀರೆಯನ್ನು ಕೃತಕ ರೇಷ್ಮೆಯೆಂದೇ ಹೇಳಿ ಮಾರಿದರೆ ಬಡವನ ಮನೆಯ ಮದುವೆಗೂ ಅದು ಸಲ್ಲುತ್ತದೆ. ಅದನ್ನೇ ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆಯೆಂದರೆ ಕೊಂಡವಳಿಗೂ ಮೋಸ, ನೇದವನಿಗೂ ಮೋಸ. ಬೆರಕೆಗಿಂತ ಬೆರಕೆಯನ್ನು ಮರೆಮಾಚುವುದೇ ದೋಷ.

ಈ ಅಳತೆಯಿಂದ ನೋಡಿದರೆ, ತಾನು ಕಛೇರಿಯ ಚಿತ್ರವೆಂದು ನೇರವಾಗಿ ಹೇಳಿಕೊಂಡ ಚಿತ್ರದಲ್ಲಿ ಹೆಚ್ಚಿನ ದೋಷವಿಲ್ಲ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟರ 'ದಿ ಎರಾಸ್ ಟೂರ್' ಚಿತ್ರವು 2023ರಲ್ಲಿ ಬಂದು, ಜಗತ್ತಿನಾದ್ಯಂತ 26 ಕೋಟಿ ಡಾಲರಿಗೂ ಮೀರಿ ಗಳಿಸಿತು. ಲಾಸ್ ಏಂಜಲೀಸಿನ ಹಲವು ರಾತ್ರಿಗಳನ್ನು ಜೋಡಿಸಿದ ಆ ಚಿತ್ರ ಅಭಿಮಾನಿಗಳಿಗಾಗಿಯೇ ಮಾಡಿದ್ದು. ಅಂತರಂಗದ ದರ್ಶನ ಮಾಡಿಸುತ್ತೇನೆಂದು ಅದು ಹೇಳಲಿಲ್ಲ. ಟಿಕೆಟ್ಟು ಕೊಂಡವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಿತ್ತು. ತೊಡಕು ಬರುವುದು ಅದೇ ಸರಕಿಗೆ ಸತ್ಯಶೋಧನೆಯ ಚೀಟಿಯನ್ನು ಅಂಟಿಸಿದಾಗ.

ಹಾಗಾದರೆ ತಂಡದವರು ಹಣ ಕೊಟ್ಟ, ತಂಡದವರು ಒಪ್ಪಿದ ಚಿತ್ರವೆಲ್ಲ ಸುಳ್ಳೆ? ಅಜ್ಜನ ವಾದ ಇಲ್ಲಿ ಕುಂಟುತ್ತದೆ. ಹಿತಾಸಕ್ತಿಯುಳ್ಳ ಸಾಕ್ಷಿಯನ್ನು ನಮ್ಮ ನ್ಯಾಯಾಲಯಗಳು ಅಷ್ಟಕ್ಕೇ ತಳ್ಳಿಹಾಕುವುದಿಲ್ಲ. ಹೆಚ್ಚಿನ ಎಚ್ಚರದಿಂದ ಪರೀಕ್ಷಿಸುತ್ತವೆ. 'ರೋಲಿಂಗ್ ಸ್ಟೋನ್ಸ್' ತಂಡದ 1969ರ ಅಮೆರಿಕ ಪ್ರವಾಸವನ್ನು ಮೇಸಲ್ಸ್ ಸಹೋದರರು ತಂಡದ ಒಪ್ಪಿಗೆಯಿಂದಲೇ ಚಿತ್ರೀಕರಿಸುತ್ತಿದ್ದರು. ಆ ವರ್ಷ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಎಂಬಲ್ಲಿ ನಡೆದ ಉಚಿತ ಕಛೇರಿಯಲ್ಲಿ, ವೇದಿಕೆಯ ಕಾವಲಿಗೆ ನಿಂತಿದ್ದ ಮೋಟಾರ್ ಸೈಕಲ್ ಗುಂಪಿನವನೊಬ್ಬ 18 ವರ್ಷದ ಮೆರೆಡಿತ್ ಹಂಟರ್ ಎಂಬ ಯುವಕನನ್ನು ಇರಿದನು, ಯುವಕನು ಸತ್ತನು. ಇರಿದವನು ಆತ್ಮರಕ್ಷಣೆಯ ವಾದದ ಮೇಲೆ ಬಿಡುಗಡೆ ಹೊಂದಿದನು. ಕ್ಯಾಮೆರಾ ಆ ಕ್ಷಣವನ್ನು ಹಿಡಿದಿತ್ತು. 1970ರಲ್ಲಿ ಬಂದ 'ಗಿಮ್ಮಿ ಶೆಲ್ಟರ್' ಚಿತ್ರವು ಅದನ್ನು ಮುಚ್ಚಿಡಲಿಲ್ಲ. ಅಷ್ಟೇ ಅಲ್ಲ, ಆ ದೃಶ್ಯವನ್ನು ಸಂಕಲನದ ಮೇಜಿನಲ್ಲಿ ಗಾಯಕ ಮಿಕ್ ಜಾಗರರಿಗೆ ತೋರಿಸಿ, ನೋಡುತ್ತಿರುವ ಅವರ ಮುಖವನ್ನೂ ತೋರಿಸಿತು. ಪ್ರಚಾರಕ್ಕೆಂದು ಮೊದಲಾದ ಕೆಲಸವು ತನ್ನನ್ನು ಕರೆದವರ ಮುಂದೆಯೇ ಕನ್ನಡಿ ಹಿಡಿಯಿತು. ಒಂದು ಸಾವನ್ನು ತೋರಿಸಿ ಟಿಕೆಟ್ಟು ಮಾರಬಹುದೆ ಎಂಬ ಅಹಿಂಸೆಯ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಆದರೆ ಅದು ಬರಿಯ ಪ್ರಚಾರವೆಂದು ಯಾರೂ ಹೇಳಲಾರರು.

ಇನ್ನೂ ಹೆಚ್ಚಿನ ಪಾಠವನ್ನು 'ಬೀಟಲ್ಸ್' ತಂಡದ ಉದಾಹರಣೆ ಕೊಡುತ್ತದೆ. 1969ರ ಜನವರಿಯಲ್ಲಿ ಆ ನಾಲ್ವರು ಹೊಸ ಹಾಡುಗಳನ್ನು ಅಭ್ಯಾಸ ಮಾಡುತ್ತಿದ್ದುದನ್ನೂ, ತಿಂಗಳ ಕೊನೆಗೆ ಲಂಡನ್ನಿನ ಕಟ್ಟಡವೊಂದರ ಮಾಳಿಗೆಯ ಮೇಲೆ ಹಾಡಿದ್ದನ್ನೂ ಚಿತ್ರೀಕರಿಸಲಾಯಿತು. ಅದರಿಂದ ಆಯ್ದ 'ಲೆಟ್ ಇಟ್ ಬಿ' ಚಿತ್ರವು 1970ರ ಮೇ ತಿಂಗಳಲ್ಲಿ, ತಂಡ ಒಡೆದ ಸುದ್ದಿಯ ಬೆನ್ನಿಗೇ ಬಂದಿತು. ನೋಡಿದವರಿಗೆ ಅದು ಒಡೆದ ಮನೆಯ ಚಿತ್ರವಾಗಿ ಕಂಡಿತು. ಅರ್ಧ ಶತಮಾನದ ಮೇಲೆ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ನರು, ಉಳಿದಿದ್ದ ಸುಮಾರು 60 ಗಂಟೆಗಳ ಅದೇ ಚಿತ್ರಸಾಮಗ್ರಿಯಿಂದ, ಸುಮಾರು 8 ಗಂಟೆಗಳ 'ಗೆಟ್ ಬ್ಯಾಕ್' ಎಂಬ ಚಿತ್ರವನ್ನು 2021ರಲ್ಲಿ ಹೊರತಂದರು. ಇದರಲ್ಲಿ ನಗುವಿದೆ, ಗೆಳೆತನವಿದೆ, ಕೂಡಿ ಕಟ್ಟುವ ಸಂತೋಷವಿದೆ. ಬದುಕಿದ್ದ ಇಬ್ಬರು ಕಲಾವಿದರ ಮತ್ತು ತೀರಿಹೋದ ಇಬ್ಬರ ಪತ್ನಿಯರ ಸಹಕಾರದಿಂದ ಇದು ಸಿದ್ಧವಾಯಿತು. ಹಿತಾಸಕ್ತಿಯುಳ್ಳವರು ಬಣ್ಣ ಬಳಿಸಿದರೆಂದು ಹೇಳಲು ಹೊರಟರೆ ಒಂದು ಅಡ್ಡಿ ಬರುತ್ತದೆ. ಜಾರ್ಜ್ ಹ್ಯಾರಿಸನ್ನರು ಬೇಸತ್ತು ಕೆಲವು ದಿನ ತಂಡವನ್ನೇ ಬಿಟ್ಟುಹೋದ ಸಂಗತಿ 1970ರ ದುಃಖದ ಚಿತ್ರದಲ್ಲಿ ಇರಲಿಲ್ಲ. 2021ರ ನಗುವಿನ ಚಿತ್ರದಲ್ಲಿ ಇದೆ!

ಒಂದೇ ಸಾಮಗ್ರಿ, ಎರಡು ದರ್ಶನ. ಅನೇಕಾಂತವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ವಸ್ತು ಅನಂತಧರ್ಮಾತ್ಮಕವಾದುದು, ಒಂದು ನೋಟಕ್ಕೆ ದಕ್ಕುವುದು ಒಂದು ಧರ್ಮ. ಆದರೆ ಎಲ್ಲವೂ ಒಂದೊಂದು ದೃಷ್ಟಿ, ಆದ್ದರಿಂದ ಎಲ್ಲವೂ ಸಮಾನವೆನ್ನುವುದು ಅನೇಕಾಂತವಲ್ಲ, ಅದು ಸೋಮಾರಿತನ. ನಮ್ಮ ನೈಯಾಯಿಕರು ನಯಕ್ಕೂ ದುರ್ನಯಕ್ಕೂ ಸ್ಪಷ್ಟವಾದ ಭೇದವನ್ನು ಹೇಳಿದ್ದಾರೆ. ವಸ್ತುವಿನ ಒಂದು ಅಂಶವನ್ನು ಹೇಳಿ, ಉಳಿದ ಅಂಶಗಳನ್ನು ಅಲ್ಲಗಳೆಯದೆ ಬಿಡುವುದು ನಯ. ತಾನು ಹೇಳಿದ ಅಂಶವೇ ಪೂರ್ಣವಸ್ತುವೆಂದು ಸಾಧಿಸುವುದು ದುರ್ನಯ. ಮೇಲಿನ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದವನಿಗೆ ಅವೆರಡೂ ನಯ. ಯಾವುದಾದರೊಂದನ್ನೇ ಹಿಡಿದು ಇಷ್ಟೇ ಸತ್ಯವೆಂದವನಿಗೆ ಅದೇ ದುರ್ನಯ. ಪ್ರಚಾರವೂ ಹೀಗೆಯೇ. ತಾನು ಪ್ರಚಾರವೆಂದು ಒಪ್ಪಿಕೊಂಡ ಪ್ರಚಾರ ಒಂದು ನಯ. ಪೂರ್ಣಸತ್ಯದ ಮುಖವಾಡ ತೊಟ್ಟ ಪ್ರಚಾರ ದುರ್ನಯ.

ಈ ಭೇದವನ್ನು ಕಲಿಯಲು ವಿದೇಶದ ಚಿತ್ರಗಳನ್ನೇ ನೋಡಬೇಕೆಂದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಬಳಿ ನಿಂತರೂ ಸಾಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅರಸನು ತನ್ನನ್ನು ಕುರಿತು ತಾನೇ ಬರೆಯಿಸಿದ ಮಾತು ಅದು. ಅದಕ್ಕಿಂತ ನೇರವಾದ ಪ್ರಚಾರ ಬೇರೆ ಯಾವುದು? ಆದರೂ ಅದರಲ್ಲಿ ಅರಸನು, ತಾನು ಉಪಾಸಕನಾದ ಮೇಲೆ ಮೊದಲ ಒಂದು ವರ್ಷ ಧರ್ಮದಲ್ಲಿ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಹೇಳಿಕೊಳ್ಳುತ್ತಾನೆ. ತನಗೆ ಕುಂದಾಗುವ ಈ ಮಾತನ್ನು ಹೇಳೆಂದು ಯಾರೂ ಅವನನ್ನು ಒತ್ತಾಯಿಸಿರಲಾರರು. ಕೊನೆಯಲ್ಲಿ ಬರೆದವನು 'ಚಪಡ' ಎಂಬ ಲಿಪಿಕಾರನೆಂದು ಹೆಸರೂ ಇದೆ. ಹೇಳಿದವನಾರು, ಬರೆದವನಾರು ಎಂಬುದನ್ನು ಮರೆಮಾಡಿಲ್ಲ.

ಅದೇ ಅಶೋಕನ ಮತ್ತೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಡಬೇಕು. ಕಳಿಂಗ ಯುದ್ಧದ ಸಾವುನೋವುಗಳಿಗಾಗಿ ಅವನು ಪಶ್ಚಾತ್ತಾಪಪಟ್ಟದ್ದು ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿದೆ. ಆದರೆ ಕಳಿಂಗದ್ದೇ ಆದ ಧೌಲಿ, ಜೌಗಡಗಳಲ್ಲಿ ಆ ಶಾಸನವನ್ನು ಕೆತ್ತಿಸಿಲ್ಲ. ಅದರ ಸ್ಥಾನದಲ್ಲಿ ಬೇರೆ ಮಾತುಗಳಿವೆ. ನೊಂದವರ ಮುಂದೆ ಮಾತ್ರ ಆ ನೋವಿನ ಮಾತಿಲ್ಲ. ಒಬ್ಬನೇ ವ್ಯಕ್ತಿಯ ಪ್ರಕಟನೆಗಳಲ್ಲಿ ಒಂದೆಡೆ ನಿರ್ಭೀತವಾದ ಒಪ್ಪಿಗೆ, ಮತ್ತೊಂದೆಡೆ ಆಯ್ದ ಮೌನ. ಆದ್ದರಿಂದ ಯಾವುದೇ ಪ್ರಕಟನೆಯನ್ನು ನೋಡುವಾಗ ಏನು ಹೇಳಿದೆ ಎಂಬುದರ ಜೊತೆಗೆ, ಯಾರ ಮುಂದೆ ಏನನ್ನು ಹೇಳದೆ ಬಿಟ್ಟಿದೆ ಎಂದೂ ಕೇಳಬೇಕು.

ಇನ್ನು ಮೊಮ್ಮಗನ ಪಕ್ಷಕ್ಕೂ ಒಂದು ಎಚ್ಚರಿಕೆ ಸಲ್ಲುತ್ತದೆ. ಅಂತರಂಗವನ್ನು ಬಯಲಿಗಿಟ್ಟಷ್ಟೂ ಪ್ರಾಮಾಣಿಕತೆ ಹೆಚ್ಚೆಂದು ಈಗಿನವರು ಭಾವಿಸುತ್ತಾರೆ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ 'ರಹೋಭ್ಯಾಖ್ಯಾನ'ವೂ ಒಂದು. ಏಕಾಂತದಲ್ಲಿ ನಡೆದುದನ್ನು ಹೊರಗೆ ಸಾರುವುದು. ಸಾರಿದ್ದು ನಿಜವೇ ಆಗಿದ್ದರೂ ಅದು ವ್ರತಕ್ಕೆ ಕುಂದು. ಗಾಯಕಿ ಏಮಿ ವೈನ್‌ಹೌಸ್ 2011ರಲ್ಲಿ ತಮ್ಮ 27ನೆಯ ವಯಸ್ಸಿನಲ್ಲಿ ಮದ್ಯದ ವ್ಯಸನದಿಂದ ತೀರಿಕೊಂಡರು. ಅವರನ್ನು ಕುರಿತು 2015ರಲ್ಲಿ ಬಂದ 'ಏಮಿ' ಚಿತ್ರದಲ್ಲಿ ಮನೆಯೊಳಗಿನ, ಗೆಳೆಯರ ನಡುವಿನ ಎಷ್ಟೋ ದೃಶ್ಯಗಳಿವೆ. ಆಸ್ಕರ್ ಪ್ರಶಸ್ತಿಯೂ ಅದಕ್ಕೆ ಬಂದಿತು. ಅದು ತಪ್ಪು ಚಿತ್ರಣವೆಂದು ಆಕೆಯ ತಂದೆ ಬಹಿರಂಗವಾಗಿ ಆಕ್ಷೇಪಿಸಿದರು. ಉತ್ತರ ಹೇಳಬೇಕಾದವರು ಮಾತ್ರ ಬದುಕಿಲ್ಲ. ಪ್ರಚಾರಚಿತ್ರದ ದೋಷ ಮುಚ್ಚುವುದರಲ್ಲಿದ್ದರೆ, ಬಯಲುಮಾಡುವ ಚಿತ್ರದ ದೋಷ ಕರುಣೆ ಮೀರಿ ತೆರೆಯುವುದರಲ್ಲಿದೆ.

ಮಾರಾಟದ ಉದ್ದೇಶವಿಲ್ಲದಿದ್ದರೆ ಈ ಎರಡು ದೋಷಗಳೂ ಇಲ್ಲವಾಗುವುವೆ? ನಮ್ಮ ನಾಡಿನ ಇಬ್ಬರು ಮಹಾಗಾಯಕರನ್ನು ನೆನೆಯೋಣ. ಪಂಡಿತ ಭೀಮಸೇನ ಜೋಶಿಯವರನ್ನು ಕುರಿತು ಗುಲ್ಜಾರ್ ಅವರು 1992ರಲ್ಲಿ ಸರಕಾರದ ಫಿಲ್ಮ್ಸ್ ಡಿವಿಷನ್ನಿಗಾಗಿ ಚಿತ್ರ ತೆಗೆದರು. ಪಂಡಿತ ಮಲ್ಲಿಕಾರ್ಜುನ ಮನ್ಸೂರರನ್ನು ಕುರಿತ ನಂದನ್ ಕುಡ್ಯಾಡಿಯವರ 'ರಸಯಾತ್ರಾ' 1994ರದು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಮನ್ಸೂರರು 1992ರಲ್ಲಿಯೇ ತೀರಿಕೊಂಡಿದ್ದರಿಂದ ಚಿತ್ರ ಬಂದಾಗ ಮಾರಬೇಕಾದ ಕಛೇರಿಯ ಟಿಕೆಟ್ಟೇ ಇರಲಿಲ್ಲ. ಇಂತಹ ಚಿತ್ರಗಳಲ್ಲಿ ಲಾಭದ ಆತುರವಿಲ್ಲ. ಆದರೆ ಪೂಜ್ಯಭಾವವೂ ಒಂದು ಬಣ್ಣವೇ. ಹಿರಿಯರ ಮುಂದೆ ಕ್ಯಾಮೆರಾ ಹಿಡಿದವನು ಕೈಮುಗಿದೇ ನಿಂತಿರುತ್ತಾನೆ. ಕಾಸಿನಿಂದ ಬಂದ ಪಕ್ಷಪಾತವನ್ನು ಗುರುತಿಸುವುದು ಸುಲಭ, ಭಕ್ತಿಯಿಂದ ಬಂದುದನ್ನು ಗುರುತಿಸುವುದು ಕಷ್ಟ.

ಈ ಮಾತು ನಮ್ಮ ಬಸದಿಗಳ, ಟ್ರಸ್ಟುಗಳ ಬಾಗಿಲಿಗೇ ಬಂದು ನಿಲ್ಲುತ್ತದೆ. ಪಂಚಕಲ್ಯಾಣ, ಚಾತುರ್ಮಾಸದ ಪ್ರವೇಶ, ಭಕ್ತಿಸಂಗೀತದ ರಾತ್ರಿ ಯಾವುದಕ್ಕೂ ಇಂದು ಡ್ರೋನ್ ಕ್ಯಾಮೆರಾ ಹಾರುತ್ತದೆ, ವಾದ್ಯತಂಡ ಬರುತ್ತದೆ. ಮುಂದೆ ಅದೆಲ್ಲವೂ 'ಸಾಕ್ಷ್ಯಚಿತ್ರ'ವೆಂಬ ಹೆಸರಿನಲ್ಲಿ ಮನೆಮನೆಗೆ ತಲುಪುತ್ತದೆ. ಜೊತೆಗೆ ದಾನದ ಮನವಿಯೂ ಬರುತ್ತದೆ. ಚಿತ್ರದಲ್ಲಿ ಜನಸಾಗರ ಕಾಣುತ್ತದೆ, ಕಲಶ ಹಿಡಿದವರ ಹರ್ಷ ಕಾಣುತ್ತದೆ. ಆದರೆ ಸವಾಲಿನಲ್ಲಿ ಬಂದ ಹಣವೆಷ್ಟು, ವೇದಿಕೆಗೂ ವಾದ್ಯಕ್ಕೂ ಸಂದದ್ದೆಷ್ಟು, ಪ್ರಖರ ದೀಪಗಳಿಗೆ ರಾತ್ರಿಯಿಡೀ ಮುತ್ತಿ ಸತ್ತ ಜೀವಗಳೆಷ್ಟು ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಇದನ್ನು ನೋಡಿ ವಿಧವೆಯೊಬ್ಬರು ತಮ್ಮ ಉಳಿತಾಯವನ್ನು ಕಳುಹಿಸಿದರೆ, ಅವರ ಮುಂದೆ ಇಟ್ಟದ್ದು ಸಾಕ್ಷ್ಯವೋ ಜಾಹೀರಾತೋ?

ಸದುದ್ದೇಶವಿದ್ದ ಮಾತ್ರಕ್ಕೆ ಲೆಕ್ಕ ತಾನಾಗಿ ಸರಿಹೋಗದೆಂಬುದಕ್ಕೂ ಕಛೇರಿಯ ಚಿತ್ರಗಳ ಇತಿಹಾಸದಲ್ಲಿಯೇ ಸಾಕ್ಷಿಯಿದೆ. ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ ಪಂಡಿತ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ನರು 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಕಛೇರಿ ನಡೆಸಿದರು; 1972ರಲ್ಲಿ ಅದರ ಚಿತ್ರ ಬಂದಿತು. ಸಿತಾರಿನ ಶ್ರುತಿ ಸರಿಪಡಿಸುತ್ತಿದ್ದುದನ್ನೇ ಸಂಗೀತವೆಂದು ಭಾವಿಸಿ ಸಭಿಕರು ಚಪ್ಪಾಳೆ ತಟ್ಟಿದ್ದನ್ನು ಆ ಚಿತ್ರ ಅಳಿಸದೆ ಉಳಿಸಿಕೊಂಡಿದೆ. ಅದು ಅದರ ಪ್ರಾಮಾಣಿಕತೆ. ಟಿಕೆಟ್ಟಿನ ಹಣ ಸುಮಾರು ಎರಡೂವರೆ ಲಕ್ಷ ಡಾಲರು ಯುನಿಸೆಫ್‌ಗೆ ಸಂದಿತು. ಆದರೆ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ ದೊಡ್ಡ ಮೊತ್ತವು, ತೆರಿಗೆ ವಿನಾಯಿತಿಯ ಏರ್ಪಾಡನ್ನು ಮೊದಲೇ ಮಾಡಿಕೊಂಡಿರದ ಕಾರಣ, ವರ್ಷಗಟ್ಟಲೆ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ಸಿಲುಕಿತು. ಚಪ್ಪಾಳೆ ತೆರೆಯ ಮೇಲಿತ್ತು, ಲೆಕ್ಕ ತೆರೆಯ ಹೊರಗಿತ್ತು.

ಹಾಗೆಂದು ಚಿತ್ರವನ್ನೇ ತೆಗೆಯಬಾರದೆಂದು ನನ್ನ ವಾದವಲ್ಲ. ಪ್ರಭಾವನೆಯೂ ಸಮ್ಯಗ್ದರ್ಶನದ ಒಂದು ಅಂಗವೇ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದು ಬರೆದಿದೆ. ಅದು ಯಾರ ಖರ್ಚಿನ ಕಾರ್ಯವೆಂಬುದನ್ನು ನೇರವಾಗಿ ತಿಳಿಸುವ ಬರಹ, ಓದುವವನಿಗೆ ಗೊಂದಲವಿಲ್ಲ. ನಮ್ಮ ಚಿತ್ರಗಳಿಗೂ ಅಷ್ಟು ಸಾಕು. ಮೊದಲ ದೃಶ್ಯದಲ್ಲಿಯೇ ಇದು ಯಾರ ಹಣದಿಂದ, ಯಾರ ಒಪ್ಪಿಗೆಯಿಂದ ಆಯಿತೆಂದು ಬರೆಯಲಿ. ಸಂಭ್ರಮದ ಚಿತ್ರವಾದರೆ 'ಸ್ಮರಣಚಿತ್ರ'ವೆಂದು ಕರೆಯಲಿ. ಸಾಕ್ಷ್ಯಚಿತ್ರವೆಂಬ ಹೆಸರೇ ಬೇಕೆಂದರೆ, ಮಾಡಿಸಿದವರಿಗೆ ಹಿತವಲ್ಲದ ಒಂದಾದರೂ ಸಂಗತಿಗೆ ಅದರಲ್ಲಿ ಸ್ಥಳವಿರಲಿ. ದಾನವನ್ನು ಕೇಳುವ ಚಿತ್ರದೊಡನೆ ಲೆಕ್ಕಪರಿಶೋಧಕರು ಸಹಿಮಾಡಿದ ಜಮಾಖರ್ಚೂ ಹೋಗಲಿ. ಕಣ್ಣೀರಿಡುತ್ತಿರುವ ಭಕ್ತರ, ಸಲ್ಲೇಖನದಲ್ಲಿರುವವರ ಮುಖದ ಬಳಿಗೆ ಕ್ಯಾಮೆರಾ ಒಯ್ಯುವ ಮುನ್ನ ರಹೋಭ್ಯಾಖ್ಯಾನದ ನೆನಪಾಗಲಿ.

ಮನೆಯ ಹಿರಿಯರಿಗೂ ಒಂದು ಮಾತು. ಪಾಪ್ ಗಾಯಕನ ಚಿತ್ರ ನೋಡುವ ಮಕ್ಕಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಜೊತೆಯಲ್ಲಿ ಕುಳಿತು, ಇದನ್ನು ಮಾಡಿಸಿದವರಾರು, ಏನನ್ನು ಬಿಟ್ಟಿದ್ದಾರೆ ಎಂದು ಅವರನ್ನೇ ಕೇಳಿರಿ. ಮೊಳಕಾಲ್ಮೂರಿನ ಸೀರೆಯನ್ನು ಕೊಳ್ಳುವವಳು ಸೆರಗಿನ ಸೊಬಗನ್ನು ಮೆಚ್ಚಿದ ಮೇಲೂ ಒಮ್ಮೆ ಹಿಂಬದಿಯನ್ನು ತಿರುಗಿಸಿ ಎಳೆಗಳನ್ನು ನೋಡುತ್ತಾಳೆ. ಅದರಿಂದ ನೇಯ್ದವನಿಗೆ ಅವಮಾನವಿಲ್ಲ, ಒಳ್ಳೆಯ ನೇಕಾರನು ಅದನ್ನೇ ಬಯಸುತ್ತಾನೆ. ಪರರ ಚಿತ್ರವನ್ನು ಹಾಗೆ ತಿರುಗಿಸಿ ನೋಡಲು ಕಲಿತ ಮಕ್ಕಳು ನಾಳೆ ಟ್ರಸ್ಟಿನ ಸಭೆಯಲ್ಲಿ ಕುಳಿತಾಗ ನಮ್ಮ ಚಿತ್ರವನ್ನೂ ತಿರುಗಿಸಿ ನೋಡುವರು. ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಬೇಕು.